ರಸ್ತೆ ಅಂದ್ರೆ ಬರೀ ಡಾಂಬರಲ್ಲ

ಫೈನಲ್ ಇಯರ್ ಪ್ರಾಜೆಕ್ಟುಗಳ ಪಟ್ಟಿ ಬಂದಾಗಲೆಲ್ಲ ಅದರಲ್ಲಿ ‘ಸ್ಮಾರ್ಟ್ ಟ್ರಾಫಿಕ್’ ಅಂತ ಶುರುವಾಗೋವು ನಾಲ್ಕೈದಾದರೂ ಇರುತ್ತವೆ. ಕ್ಯಾಮೆರಾ ಇಟ್ಟು ವಾಹನ ಎಣಿಸುವುದು, ಸಿಗ್ನಲ್ ಸಮಯ ಬದಲಿಸುವುದು, ಖಾಲಿ ಪಾರ್ಕಿಂಗ್ ಎಲ್ಲಿದೆ ಅಂತ ಆ್ಯಪ್‌ನಲ್ಲಿ ತೋರಿಸುವುದು. ಒಳ್ಳೆ ಕೆಲಸವೇ, ಬೇಡ ಅನ್ನಲ್ಲ. ಆದರೆ ಈ ಪ್ರಾಜೆಕ್ಟುಗಳಲ್ಲಿ ಮನುಷ್ಯ ಕಾಣಿಸೋದು ಗಾಡಿ ಒಳಗೆ ಕೂತಾಗ ಮಾತ್ರ. ನಡೆದು ಹೋಗುವವರು ಲೆಕ್ಕಕ್ಕೇ ಇಲ್ಲ.

ಹಾಗೆ ನೋಡಿದರೆ ನಮ್ಮಲ್ಲಿ ನಡೆಯದೇ ಇರೋರು ಯಾರು? 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಜಯನಗರ, ಬನಶಂಕರಿ, ಜೆ.ಪಿ. ನಗರದವರೆಗೆ ಬಂತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗಿ ರಾಗಿಗುಡ್ಡ, ಜಯದೇವ, ಬಿಟಿಎಂ ಕೂಡ ಸೇರಿಕೊಂಡವು. ರೈಲು ಸಮಯಕ್ಕೆ ಸರಿಯಾಗಿ ಬರುತ್ತೆ, ಲಿಫ್ಟ್ ಇದೆ, ದೃಷ್ಟಿಯಿಲ್ಲದವರಿಗೆ ನೆಲದ ಮೇಲೆ ಉಬ್ಬು ಟೈಲ್ಸ್ ಇವೆ. ನಿಲ್ದಾಣದ ಮೆಟ್ಟಿಲಿಳಿದು ಅರ್ಧ ಕಿಲೋಮೀಟರ್ ನಡೆಯೋಣ ಅಂದರೆ ಅಲ್ಲಿಂದ ಬೇರೆಯದೇ ಊರು. ಒಂದು ಕಡೆ ಎದ್ದ ಕಲ್ಲು, ಮುಂದೆ ಯಾರದೋ ಮನೆ ಗೇಟಿನ ಇಳಿಜಾರು, ಅದರ ಮುಂದೆ ಟ್ರಾನ್ಸ್‌ಫಾರ್ಮರ್, ಆಮೇಲೆ ಬೈಕುಗಳ ಸಾಲು. ಕೊನೆಗೆ ರಸ್ತೆಗಿಳಿದು ಬಸ್ಸಿನ ಪಕ್ಕ ನಡೀತೀವಿ.

ಇದು ಬರೀ ಕಿರಿಕಿರಿಯ ವಿಷಯ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ ಪಾದಚಾರಿಗಳು 32,825 ಜನ. ದಿನಕ್ಕೆ ಹತ್ತಿರ ಹತ್ತಿರ ತೊಂಬತ್ತು. ನಮ್ಮ ವಾದ ಏನು ಅಂದರೆ, ಫುಟ್‌ಪಾತ್ ಹಾಳಾಗಿರೋದಕ್ಕೆ ಬರೀ ದುಡ್ಡಿನ ಅಭಾವ ಅಥವಾ ಕಳಪೆ ಕಾಮಗಾರಿ ಕಾರಣ ಅಲ್ಲ. ಯಾವ ದಾರಿ ಯಾರದ್ದು ಅನ್ನೋ ಪ್ರಶ್ನೆಗೆ ನಮ್ಮ ಊರು ಉತ್ತರ ಬರೆದಿಟ್ಟುಕೊಂಡಿಲ್ಲ. ಬರೆದಿರುವ ಕಡೆ ಅದನ್ನ ಪಾಲಿಸ್ತಾ ಇಲ್ಲ.

ಕಾನೂನಲ್ಲಿ ರಸ್ತೆ ಎಲ್ಲಿಗೆ ಮುಗಿಯುತ್ತೆ?

ರಸ್ತೆ ಎಲ್ಲಿಂದ ಎಲ್ಲಿವರೆಗೆ ಅಂತ ಯಾರನ್ನಾದರೂ ಕೇಳಿ, ಡಾಂಬರು ಇರೋವರೆಗೆ ಅಂತಾರೆ. ಬೆಂಗಳೂರಿಗೆ ದಶಕಗಟ್ಟಲೆ ಅನ್ವಯವಾಗಿದ್ದ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಹಾಗೆ ಹೇಳಲ್ಲ. ಸಾರ್ವಜನಿಕ ಬೀದಿ ಅಂದರೆ ವಾಹನ ಓಡುವ ಭಾಗ, ಅದಕ್ಕೆ ಸೇರಿದ ಕಾಲುದಾರಿ, ಮೋರಿ, ಜೊತೆಗೆ ಎರಡೂ ಕಡೆ ಪಕ್ಕದ ಸ್ವತ್ತಿನ ಗಡಿ ಮುಟ್ಟುವವರೆಗಿನ ಜಾಗ. ಅಂದರೆ ಕಾಂಪೌಂಡಿನಿಂದ ಕಾಂಪೌಂಡಿಗೆ ಪೂರಾ ಬೀದಿ. ಮನೆ ಮುಂದೆ ತಂತಿ ಬೇಲಿ ಹಾಕಿ ಬೆಳೆಸಿದ ದಾಸವಾಳದ ತೋಟ ಚೆಂದ ಇರಬಹುದು, ಆದರೆ ಅದು ಬೀದಿಯ ಮೇಲಿದೆ. ಸೆಕ್ಯುರಿಟಿ ಶೆಡ್ಡು, ಜನರೇಟರ್, ಕಾರು ಹತ್ತಿಸಲು ಮೋರಿ ಮೇಲೆ ಹಾಕಿದ ಕಾಂಕ್ರೀಟ್ ಇಳಿಜಾರು, ಎಲ್ಲವೂ ಅಷ್ಟೇ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಡೆತಡೆಯಿಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿತು. ಅಂದಮೇಲೆ ಫುಟ್‌ಪಾತ್ ಅನ್ನೋದು ಕಾರ್ಪೊರೇಷನ್ ಮನಸ್ಸು ಬಂದಾಗ ಕೊಡೋ ಉಡುಗೊರೆ ಅಲ್ಲ.

ಮೂವತ್ತಡಿ ರಸ್ತೆಯ ಲೆಕ್ಕ

‘ನಮ್ಮ ಕ್ರಾಸುಗಳು ಚಿಕ್ಕವು, ಫುಟ್‌ಪಾತಿಗೆ ಜಾಗ ಎಲ್ಲಿದೆ?’ ಅನ್ನೋ ಮಾತು ಎಲ್ಲರ ಬಾಯಲ್ಲೂ ಬರುತ್ತೆ. ನಾವು ಎಂಜಿನಿಯರಿಂಗ್ ಓದೋರು, ಲೆಕ್ಕ ಹಾಕೇ ಬಿಡೋಣ.

ಮೂವತ್ತು ಅಡಿ ಅಂದರೆ 9.14 ಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ, ಅಂದರೆ ಸಿವಿಲ್‌ನವರು ಓದುವ ಐಆರ್‌ಸಿ 103, ನಡೆಯಲು ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಬೇಕು ಅನ್ನುತ್ತೆ. ಎರಡೂ ಬದಿ ಸೇರಿ 3.6 ಮೀಟರ್. ಮುಚ್ಚಿದ ಮೋರಿ ಅದರ ಕೆಳಗೇ ಹೋಗಬಹುದು. ಉಳಿದದ್ದು ಸುಮಾರು 5.5 ಮೀಟರ್. ಒಂದು ಲೇನಿಗೂ ಎರಡು ಲೇನಿಗೂ ನಡುವಿನ ರಸ್ತೆಗೆ ಐಆರ್‌ಸಿ ಹೇಳುವ ಅಗಲವೂ ಸರಿಯಾಗಿ 5.5 ಮೀಟರೇ! ಎದುರುಬದುರು ಎರಡು ಕಾರು ನಿಧಾನಕ್ಕೆ ದಾಟಿಕೊಂಡು ಹೋಗಬಹುದು.

ಹಾಗಾದರೆ ಮೂವತ್ತಡಿಯಲ್ಲಿ ಹಿಡಿಸದೇ ಇರೋದು ಯಾವುದು? ಎರಡೂ ಕಡೆ ನಿಂತ ಕಾರು. ಒಂದೊಂದು ಕಡೆ ಎರಡೆರಡು ಮೀಟರ್ ಹೋದರೆ ಓಡಾಡಲು ಉಳಿಯೋದು ಒಂದೂವರೆ ಮೀಟರ್. ಆಗ ಬೇರೆ ದಾರಿಯಿಲ್ಲದೆ ಫುಟ್‌ಪಾತೇ ಬಲಿ. ನಡೆಯೋರಿಗೆ ಜಾಗ ಇಲ್ಲ ಅನ್ನೋದು ಸುಳ್ಳು, ಇದ್ದ ಜಾಗವನ್ನ ನಿಂತ ಗಾಡಿಗಳಿಗೆ ಪುಕ್ಕಟೆ ಕೊಟ್ಟಿದ್ದೀವಿ ಅನ್ನೋದು ನಿಜ.

ಮೊದಲು ಎಬ್ಬಿಸೋದು ಯಾರನ್ನ?

ಫುಟ್‌ಪಾತ್ ಒತ್ತುವರಿ ತೆರವು ಅಂದ ಕೂಡಲೇ ಜೆಸಿಬಿ ಹೋಗಿ ನಿಲ್ಲೋದು ಎಲ್ಲಿ? ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ ಹೂವು, ಸೊಪ್ಪು, ಬಟ್ಟೆ ಮಾರೋರ ಮುಂದೆ. ಹಬ್ಬಕ್ಕೆ ಮುಂಚೆ ಎಬ್ಬಿಸ್ತಾರೆ, ಹಬ್ಬ ಕಳೆದ ಮೇಲೆ ಅವರು ಮತ್ತೆ ಬರ್ತಾರೆ. ಬರದೇ ಇನ್ನೆಲ್ಲಿ ಹೋಗ್ತಾರೆ?

ಬೀದಿ ವ್ಯಾಪಾರ ಮಾಡೋದು ನಿಯಮಕ್ಕೊಳಪಟ್ಟ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತ್ತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅದಕ್ಕೊಂದು ವ್ಯವಸ್ಥೆ ಕೊಟ್ಟಿತು. ಮೊದಲು ಸಮೀಕ್ಷೆ, ಆಮೇಲೆ ಗುರುತಿನ ಪತ್ರ, ಎಲ್ಲಿ ಮಾರಬಹುದು ಎಲ್ಲಿ ಮಾರಬಾರದು ಅನ್ನೋ ವಲಯ. ಇದನ್ನ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಸಮೀಕ್ಷೆ ಮುಗಿಯೋವರೆಗೆ ಎಬ್ಬಿಸುವಂತಿಲ್ಲ.

ಹಾಗಂತ ವ್ಯಾಪಾರಿಗಳು ಫುಟ್‌ಪಾತ್ ಪೂರ್ತಿ ಹಿಡ್ಕೊಂಡರೂ ಸರಿ ಅಂತ ನಾವು ಹೇಳ್ತಿಲ್ಲ. ಗಾಲಿಕುರ್ಚಿಯಲ್ಲಿ ಬರೋರಿಗೆ ಅಡ್ಡ ಇರೋದು ಬಾಳೆಹಣ್ಣಿನ ಬುಟ್ಟಿಯೋ ಕಾರಿನ ಬಂಪರ್ರೋ, ಎರಡೂ ಒಂದೇ. 1.8 ಮೀಟರ್ ಬಿಟ್ಟು ಆಚೆ ಕೂರಬೇಕು, ಅದನ್ನ ಗೆರೆ ಎಳೆದು ತೋರಿಸಬೇಕು. ಆದರೆ ಯಾರು ಮೊದಲು ಏಳಬೇಕು ಅನ್ನೋದಕ್ಕೆ ಒಂದು ನ್ಯಾಯ ಇರಬೇಕಲ್ಲ? ಸಾಧಾರಣ ಕಾರೊಂದು ಏಳು ಚದರ ಮೀಟರ್ ಹಿಡಿಯುತ್ತೆ. ಒಂದು ತಳ್ಳುಗಾಡಿಗೆ ಎರಡೂವರೆ ಸಾಕು. ಒಂದು ಕಾರು ದಿನವಿಡೀ ಸುಮ್ಮನೆ ನಿಂತ ಜಾಗದಲ್ಲಿ ಹೆಚ್ಚುಕಡಿಮೆ ಮೂರು ಕುಟುಂಬ ಊಟ ಮಾಡ್ತವೆ. ಅದೂ ಅಲ್ಲದೆ ಸಂಜೆ ಹೊತ್ತು ಫುಟ್‌ಪಾತಲ್ಲಿ ಒಬ್ಬ ಹೂವಿನವರು, ಒಬ್ಬ ಎಳನೀರಿನವರು ಇದ್ದರೆ ನಡೆಯೋರಿಗೂ ಧೈರ್ಯ. ರಾತ್ರಿ ಲ್ಯಾಬ್ ಮುಗಿಸಿ ಪಿಜಿಗೆ ಹೋಗೋ ಹುಡುಗಿಯರನ್ನ ಕೇಳಿ ನೋಡಿ.

ಆದ್ದರಿಂದ ನಮ್ಮ ಸರದಿ ಹೀಗೆ: ಮೊದಲು ಫುಟ್‌ಪಾತ್ ಮೇಲೆ ನಿಂತ ಗಾಡಿಗಳು, ಆಮೇಲೆ ಇಳಿಜಾರು, ಬೇಲಿ, ಶೆಡ್ಡುಗಳಂಥ ಕಾಯಂ ಒತ್ತುವರಿ, ಆಮೇಲೆ ಇಲಾಖೆಗಳ ಡಬ್ಬಗಳು, ಕೊನೆಗೆ ವ್ಯಾಪಾರಿಗಳು, ಅದೂ ಬದಲಿ ಜಾಗ ಕೊಟ್ಟು. ಈಗ ನಡೀತಿರೋದು ಸರಿಯಾಗಿ ಇದರ ಉಲ್ಟಾ. ಪಿಜಿ, ಕಾಲೇಜುಗಳ ಮುಂದಿನ ಫುಟ್‌ಪಾತಲ್ಲಿ ನಿಲ್ಲೋ ಬೈಕುಗಳಿಗೂ ಇದೇ ಸರದಿ. ಅವು ವಿದ್ಯಾರ್ಥಿಗಳದ್ದು ಅನ್ನೋ ಕಾರಣಕ್ಕೆ ರಿಯಾಯಿತಿ ಬೇಡ.

‘ಕಾರು ಎಲ್ಲಿ ನಿಲ್ಲಿಸೋದು’ ಅನ್ನೋದು ನಿಜವಾದ ಪ್ರಶ್ನೆಯೇ. ಅದಕ್ಕೆ ಬೆಂಗಳೂರಿಗಂತಲೇ ಪಾರ್ಕಿಂಗ್ ನೀತಿ 2.0 ಬರೆದಿಟ್ಟಿದ್ದಾರೆ. ಬಡಾವಣೆವಾರು ಪಾರ್ಕಿಂಗ್ ಯೋಜನೆ, ಬೀದಿಯಲ್ಲಿ ನಿಲ್ಲಿಸೋ ಮನೆಯವರಿಗೆ ವರ್ಷಕ್ಕೆ ಇಷ್ಟು ಅಂತ ಶುಲ್ಕ ಕಟ್ಟಿಸಿಕೊಂಡು ಪರ್ಮಿಟ್, ಎಲ್ಲ ಅದರಲ್ಲಿದೆ. ಕಾಗದದಿಂದ ಬೀದಿಗೆ ಇಳಿಯಬೇಕು ಅಷ್ಟೇ.

ಗೇಟು ಹಾಕಿದ ಮಾತ್ರಕ್ಕೆ ಖಾಸಗಿ ಆಗಲ್ಲ

ಇನ್ನೊಂದು ಕಡೆ ಬೀದಿಗೇ ಗೇಟು. ಜೆ.ಪಿ. ನಗರದ ಒಳಹಂತಗಳಲ್ಲಿ, ಸೊಸೈಟಿ ಲೇಔಟುಗಳಲ್ಲಿ ಹೋಗ್ತಾ ಹೋಗ್ತಾ ಒಂದು ಕಂಬ ಅಡ್ಡ ಬರುತ್ತೆ, ‘ಹೊರಗಿನವರಿಗೆ ಪ್ರವೇಶವಿಲ್ಲ’ ಅನ್ನೋ ಬೋರ್ಡು. ಎರಡು ನಿಮಿಷದ ದಾರಿಗೆ ಹದಿನೈದು ನಿಮಿಷ ಸುತ್ತು. ಗಾಡಿ ಇರೋರಿಗೆ ಅದು ಏನೂ ಅಲ್ಲ. ಮನೆಗೆಲಸಕ್ಕೆ ನಡೆದು ಬರೋ ಅಕ್ಕನಿಗೆ ದಿನಕ್ಕೆ ಎರಡು ಸಲ ಅದೇ ಸುತ್ತು.

ಖಾಸಗಿ ದಾರಿ ಅನ್ನೋದು ಇಲ್ಲವೇ ಇಲ್ಲ ಅಂತಲ್ಲ. ಒಂದೇ ಸ್ವತ್ತಿನೊಳಗೆ, ಅಪಾರ್ಟ್‌ಮೆಂಟಿನ ಬ್ಲಾಕುಗಳ ಮಧ್ಯೆ ಇರೋ ಓಡಾಟದ ಜಾಗ ಅವರದ್ದೇ. ಆದರೆ ಸೈಟುಗಳಾಗಿ ಹಂಚಿ ಪ್ಲಾನ್ ಮಂಜೂರು ಮಾಡಿಸಿಕೊಂಡು ರಸ್ತೆ, ಪಾರ್ಕುಗಳನ್ನ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಲೇಔಟಿನಲ್ಲಿ ಆ ರಸ್ತೆ ಎಲ್ಲರದ್ದು. ಬೆಳ್ಳಂದೂರು ಕಡೆಯ ಬಡಾವಣೆಯೊಂದರ ವಿಚಾರದಲ್ಲಿ ನಮ್ಮ ಹೈಕೋರ್ಟ್ ಹೇಳಿದ್ದೂ ಇದನ್ನೇ. ಕಳ್ಳತನದ ಭಯ ಇದ್ದರೆ ಬೀದಿ ದೀಪ ಕೇಳಿ, ಬೀಟ್ ಪೊಲೀಸ್ ಕೇಳಿ, ನಿಮ್ಮ ಮನೆ ಗೇಟಿಗೆ ಬೀಗ ಹಾಕಿ. ಊರಿನ ರಸ್ತೆಗೆ ಹಾಕೋಕಾಗಲ್ಲ.

ಈ ಲೇಔಟುಗಳ ಕೆಳಗೆ ಇನ್ನೂ ಹಳೇ ದಾರಿಗಳಿವೆ. ಬಿಟಿಎಂ ಅನ್ನೋ ಹೆಸರೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋ ಮೂರು ಊರುಗಳದ್ದು. ಜೆ.ಪಿ. ನಗರದ ಸುತ್ತ ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ. ಈ ಊರುಗಳ ಗ್ರಾಮ ನಕ್ಷೆ ತೆರೆದು ನೋಡಿದರೆ ಬಂಡಿದಾರಿ, ಕಾಲುದಾರಿಗಳು ಚುಕ್ಕೆ ಗೆರೆಗಳಲ್ಲಿವೆ. ಕಂದಾಯದ ಲೆಕ್ಕದಲ್ಲಿ ದಾರಿ, ಹಳ್ಳ, ಕೆರೆ ಮುಂತಾದ ಸಾರ್ವಜನಿಕ ಜಾಗ ‘ಬಿ ಖರಾಬು’. ಸರ್ವೆ ನಂಬರು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ನಮ್ಮ ಫೋನಲ್ಲೇ ಇದೆ. ಇಂಗ್ಲೆಂಡಿನಲ್ಲಿ 1949ರ ಒಂದು ಕಾನೂನಿನಿಂದಾಗಿ ಸ್ಥಳೀಯ ಆಡಳಿತಗಳು ತಮ್ಮ ವ್ಯಾಪ್ತಿಯ ಕಾಲುದಾರಿಗಳನ್ನ ಅಧಿಕೃತ ನಕ್ಷೆಯಲ್ಲಿ ದಾಖಲಿಸಿ ಇಟ್ಟಿವೆ. ದಾರಿ ಯಾರದೋ ಹೊಲದ ಮಧ್ಯೆ ಹೋದರೂ ನಡೆಯೋ ಹಕ್ಕು ಜನರದ್ದು, ಮುಚ್ಚೋ ಹಾಗಿಲ್ಲ. ನಮ್ಮ ಹಳ್ಳಿಯ ನಕ್ಷೆಗಳಲ್ಲಿ ಇದ್ದ ಈ ಜ್ಞಾನವನ್ನ ಊರು ನಗರವಾದ ಮೇಲೆ ನಾವು ಮೂಲೆಗೆ ಹಾಕಿದ್ದೀವಿ.

ಹತ್ತು ಜನರ ಕೂಸು

1948ರಲ್ಲಿ ಜಯನಗರ ಶುರುವಾದಾಗ ಅಗಲ ರಸ್ತೆ, ಮರ, ಬ್ಲಾಕು, ಪಾರ್ಕು ಎಲ್ಲ ಒಂದೇ ಸಂಸ್ಥೆಯ ನಕ್ಷೆಯಲ್ಲಿದ್ದವು. ಈಗ ಫುಟ್‌ಪಾತ್ ಕಲ್ಲು ಪಾಲಿಕೆಯದ್ದು, ಅದರ ಕೆಳಗಿನ ಪೈಪು ಜಲಮಂಡಳಿಯದ್ದು, ಮೇಲಿನ ಕಂಬ ಬೆಸ್ಕಾಂನದ್ದು, ಕೇಬಲ್ಲು ಖಾಸಗಿ ಕಂಪನಿಯದ್ದು, ನಿಂತ ಗಾಡಿ ಟ್ರಾಫಿಕ್ ಪೊಲೀಸರದ್ದು. ಒಬ್ಬರು ಮುಚ್ಚಿದ್ದನ್ನ ಇನ್ನೊಬ್ಬರು ಅಗೀತಾರೆ. 2023ರ ನವೆಂಬರಿನಲ್ಲಿ ಕಾಡುಗೋಡಿಯ ಹೋಪ್ ಫಾರ್ಮ್ ಹತ್ತಿರ ಫುಟ್‌ಪಾತಲ್ಲಿ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿ, ಮಗು ಇಬ್ಬರೂ ಸತ್ತರು. ಅವರು ಮಾಡಿದ್ದು ಫುಟ್‌ಪಾತ್ ಮೇಲೆ ನಡೆದದ್ದು ಅಷ್ಟೇ.

ಸರಿ ಮಾಡೋಕಾಗಲ್ಲ ಅಂತೇನಿಲ್ಲ. ಹತ್ತು ವರ್ಷದ ಹಿಂದೆ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಕೆಲಸ ಮಾಡಿದಾಗ ಪೈಪು, ಕೇಬಲ್ಲುಗಳನ್ನೆಲ್ಲ ಫುಟ್‌ಪಾತ್ ಕೆಳಗೆ ಜೋಡಿಸಿ ಮೇಲೆ ಅಗಲವಾದ ನಡೆಯೋ ದಾರಿ ಕೊಟ್ಟರು. ಅದು ನಗರದ ಮಧ್ಯಭಾಗಕ್ಕೆ ಸಾಧ್ಯ ಆದರೆ ಬಿಟಿಎಂನ ಕ್ರಾಸಿಗೆ ಯಾಕಾಗಬಾರದು? ಅಷ್ಟು ದುಬಾರಿ ಕಲ್ಲೂ ಬೇಡ. ಸಮತಟ್ಟಾಗಿ, 15 ಸೆಂಟಿಮೀಟರಿಗಿಂತ ಎತ್ತರ ಇಲ್ಲದೆ, ತಿರುವಿನಲ್ಲಿ ಇಳಿಜಾರು ಇಟ್ಟು ಕೊಟ್ಟರೆ ಸಾಕು.

ಈಗ ಬಿಬಿಎಂಪಿ ಹೋಗಿದೆ. 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಹೊಸ ಬೋರ್ಡು ಬರೆಸೋ ಹೊತ್ತಿನಲ್ಲೇ ಒಂದು ಹೊಸ ಪುಸ್ತಕವನ್ನೂ ತೆರೆಯಲಿ: ವಾರ್ಡಿನ ಪ್ರತಿ ಬೀದಿಯ ಅಗಲ ಎಷ್ಟು, ಅದು ಸಾರ್ವಜನಿಕವೋ ಖಾಸಗಿಯೋ, ಕಾಲುದಾರಿ ಎಷ್ಟಿದೆ, ಗೇಟು ಇದೆಯಾ, ಯಾರ ಡಬ್ಬ ಎಲ್ಲಿದೆ. ಅದು ಎಲ್ಲರಿಗೂ ಕಾಣೋ ಹಾಗಿರಲಿ.

ಅವರು ಮಾಡೋವರೆಗೆ ನಾವು ಕಾಯಬೇಕಾಗಿಲ್ಲ. ಕಾಲೇಜಿನಿಂದ ಹತ್ತಿರದ ಮೆಟ್ರೋವರೆಗಿನ ದಾರಿಯನ್ನೇ ತಗೊಳ್ಳೋಣ. ಸಿವಿಲ್‌ನವರು ಟೇಪು ಹಿಡಿದು ಹತ್ತು ಮೀಟರಿಗೊಮ್ಮೆ ಅಗಲ ಅಳೆಯಲಿ. ಕಂಪ್ಯೂಟರ್ ಸೈನ್ಸಿನವರು ಅದನ್ನ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಏರಿಸಲಿ. ಎಲೆಕ್ಟ್ರಿಕಲ್‌ನವರು ಬೇಲಿಯಿಲ್ಲದ ಟ್ರಾನ್ಸ್‌ಫಾರ್ಮರ್, ನೇತಾಡೋ ತಂತಿಗಳ ಪಟ್ಟಿ ಮಾಡಲಿ. ಕನ್ನಡ ಸಂಘದವರು ನಾವು ವ್ಯಾಪಾರಿಗಳ ಹತ್ತಿರ, ಮನೆಯವರ ಹತ್ತಿರ ಮಾತಾಡಿ ವರದಿಯನ್ನ ಕನ್ನಡದಲ್ಲಿ ಬರೀತೀವಿ, ಯಾಕಂದರೆ ಅದು ವಾರ್ಡ್ ಆಫೀಸಿನ ಮೇಜಿನ ಮೇಲೆ ಹೋಗಬೇಕು, ಅಲ್ಲಿ ಓದೋರಿಗೆ ಅರ್ಥ ಆಗಬೇಕು. ಎರಡು ಶನಿವಾರದ ಕೆಲಸ. ಬರೋರು ಸಂಘದ ಕೋಣೆಯಲ್ಲಿ ಹೆಸರು ಕೊಡಿ, ಟೇಪು ಸರ್ವೆ ಲ್ಯಾಬಿನಿಂದ ಕೇಳಿ ತಗೊಳ್ಳೋಣ.