ಬಿಡಿಭಾಗವೇನೋ ಸಿಗುತ್ತದೆ, ಬೀಗದ ಕೈ ಯಾರ ಹತ್ತಿರ?



ನಮ್ಮ ನಿಮ್ಮೆಲ್ಲರ ಮನೆಯ ಕಥೆ ಇದು. ವಾರಂಟಿ ಮುಗಿದ ಸ್ವಲ್ಪ ದಿನಕ್ಕೇ ವಾಷರ್ ನಿಂತುಹೋಗುತ್ತದೆ. ಮೆಕ್ಯಾನಿಕ್ ಬಂದು ನೋಡಿದ್ದಕ್ಕೇ ಒಂದು ಫೀಸು ಕೊಡಬೇಕು. ನೋಡಿದವನು ಹೇಳುವುದು ಒಂದೇ ಮಾತು: "ಬೋರ್ಡ್ ಹೋಗಿದೆ, ಹೊಸದೇ ತೆಗೆದುಕೊಳ್ಳಿ." ಊರಿನಲ್ಲಿ ಮಿಕ್ಸಿಗೆ ಕಾರ್ಬನ್ ಬ್ರಷ್ ಹಾಕಿಸಿ, ಜಾರಿನ ಕೆಳಗಿನ ಕಪ್ಲರ್ ಬದಲಾಯಿಸಿ ವರ್ಷಗಟ್ಟಲೆ ಓಡಿಸಿದ ಅಮ್ಮಂದಿರ ಮಕ್ಕಳು ನಾವು. ಇಲ್ಲಿ ಬಂದು ಇಡೀ ಮೆಷಿನ್ನನ್ನೇ ಮನೆಯ ಹೊರಗಿಡುವುದನ್ನು ಕಲಿತಿದ್ದೇವೆ!

ಈಗ ಕಾನೂನು ಕೊಂಚ ನಮ್ಮ ಕಡೆ ವಾಲಿದೆ. ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಅಂಗೀಕಾರವಾದ ರಿಪೇರಿ ಹಕ್ಕಿನ ಕಾಯ್ದೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. 2021ರ ಜುಲೈ ನಂತರ ತಯಾರಾದ ಎಲೆಕ್ಟ್ರಾನಿಕ್ಸ್ ಮತ್ತು ಗೃಹೋಪಕರಣಗಳಿಗೆ ಇದು ಅನ್ವಯ. ಸಗಟು ಬೆಲೆ 100 ಡಾಲರ್ ಅಥವಾ ಹೆಚ್ಚಿದ್ದರೆ, ಆ ಮಾಡೆಲ್ಲಿನ ತಯಾರಿಕೆ ನಿಲ್ಲಿಸಿದ ಮೇಲೂ 7 ವರ್ಷ ಬಿಡಿಭಾಗ, ಸಾಧನ, ರಿಪೇರಿ ಮಾಹಿತಿ ಎಲ್ಲವನ್ನೂ ಕಂಪನಿ ಒದಗಿಸಬೇಕು. 50ರಿಂದ 100 ಡಾಲರ್ ಒಳಗಿನವಕ್ಕೆ 3 ವರ್ಷ. ನ್ಯೂಯಾರ್ಕ್ ಕೂಡ 2022ರಲ್ಲಿ ಇಂಥ ಕಾಯ್ದೆ ತಂದಿತು, ಆದರೆ ಗೃಹೋಪಕರಣಗಳನ್ನು ಅದರಿಂದ ಹೊರಗಿಟ್ಟಿತು.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಇಂದಿನ ಫ್ರಿಜ್ಜು, ವಾಷರ್‌ಗಳೊಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆ. ಹೊಸ ಬೋರ್ಡ್ ತಂದು ಕೂರಿಸಿದರೂ, ಅದನ್ನು ಕಂಪನಿಯ ಸಾಫ್ಟ್‌ವೇರ್ ಒಪ್ಪಿಕೊಳ್ಳದಿದ್ದರೆ ಮೆಷಿನ್ ಓಡದೇ ಇರಬಹುದು. ಕ್ಯಾಲಿಫೋರ್ನಿಯಾದ ಕಾಯ್ದೆ ಇದನ್ನು ನೇರವಾಗಿ ತಡೆಯುವುದಿಲ್ಲ. ಇಂಥ ಜೋಡಣೆಯ ಬೀಗಕ್ಕೆ ಮೊದಲು ಕೈ ಹಾಕಿದ್ದು ಆರೆಗಾನ್. ಅದರ 2024ರ ಕಾಯ್ದೆ 2025ರ ಜನವರಿ 1ರಿಂದ ಜಾರಿಗೆ ಬಂದಿದೆ.

ಬೀಗವನ್ನು ನಾವೇ ತೆರೆಯೋಣವೆಂದರೆ 1998ರ ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಕಾಯ್ದೆ ಅಡ್ಡ ಬರುತ್ತದೆ. ಸಿನಿಮಾ, ಹಾಡು ಕದಿಯುವವರನ್ನು ತಡೆಯಲೆಂದು ಮಾಡಿದ ಕಾನೂನು ಗ್ಯಾರೇಜಿನ ಬಾಗಿಲಿನವರೆಗೂ ಹೋಯಿತು! ಚೇಂಬರ್ಲೇನ್ ಕಂಪನಿಯ ಗ್ಯಾರೇಜ್ ಬಾಗಿಲಿಗೆ ಹೊಂದುವ ರಿಮೋಟ್ ಮಾಡಿದ್ದಕ್ಕೆ ಸ್ಕೈಲಿಂಕ್ ಎಂಬ ಕಂಪನಿಯ ಮೇಲೆ ಇದೇ ಕಾಯ್ದೆಯಡಿ ದಾವೆ ಹೂಡಲಾಯಿತು. 2004ರಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಸ್ಕೈಲಿಂಕ್ ಪರವಾಗಿ ತೀರ್ಪು ಕೊಟ್ಟಿತು. ಬಾಗಿಲು ಕೊಂಡವನು ತನ್ನ ಬಾಗಿಲು ತೆಗೆದರೆ ಕಾಪಿರೈಟ್‌ಗೆ ಏನು ಧಕ್ಕೆ, ಹೇಳಿ?

ಗೃಹೋಪಕರಣಗಳ ರಿಪೇರಿಗಾಗಿ ಸಾಫ್ಟ್‌ವೇರ್ ಬೀಗ ತೆರೆಯಲು 2018ರಲ್ಲಿ ವಿನಾಯಿತಿ ಸಿಕ್ಕಿತು. ಇದನ್ನು ಲೈಬ್ರರಿ ಆಫ್ ಕಾಂಗ್ರೆಸ್ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. 2024ರ ಅಕ್ಟೋಬರ್‌ನಲ್ಲಿ ಕೊಟ್ಟದ್ದು 2027ರವರೆಗೆ. ಇದರಲ್ಲೊಂದು ದೊಡ್ಡ ತೂತಿದೆ. ನೀವು ಬೀಗ ತೆರೆಯಬಹುದು, ಆದರೆ ತೆರೆಯುವ ಸಾಧನವನ್ನು ತಯಾರಿಸಿ ಇತರರಿಗೆ ಹಂಚಲು, ಮಾರಲು ವಿನಾಯಿತಿ ಇಲ್ಲ. ಪ್ರೋಗ್ರಾಮಿಂಗ್ ಬಲ್ಲ ನಾಲ್ಕು ಜನರಿಗಷ್ಟೇ ದಕ್ಕುವ ಹಕ್ಕು ಪಕ್ಕದ ಮನೆಯ ಅಜ್ಜಿಗೆ ಎಲ್ಲಿಂದ ದಕ್ಕೀತು? ನಿಜವಾದ ಹೋರಾಟ ನಡೆಯಬೇಕಿರುವುದು ಇಲ್ಲಿ.

ಸರ್ಕ್ಯೂಟ್ ಚಿತ್ರವಿಲ್ಲದೆ, ಬೋರ್ಡ್ ನೋಡಿಯೇ ಯಾವ ಭಾಗ ಏನು ಮಾಡುತ್ತದೆಂದು ಪತ್ತೆ ಹಚ್ಚುವುದನ್ನು ಇಲ್ಲಿ ರಿವರ್ಸ್ ಎಂಜಿನಿಯರಿಂಗ್ ಎನ್ನುತ್ತಾರೆ. ನಮ್ಮೂರ ಟೀವಿ ರಿಪೇರಿ ಅಂಗಡಿಯವರು ಹೆಸರೇ ಇಡದೆ ದಶಕಗಳ ಕಾಲ ಅದನ್ನೇ ಮಾಡಿದರು.

ಯುರೋಪಿನ ಕನ್ನಡಿಗರು ನಮಗಿಂತ ಅದೃಷ್ಟವಂತರು. ವಾಷಿಂಗ್ ಮೆಷಿನ್, ಡಿಶ್‌ವಾಷರ್, ಫ್ರಿಜ್‌ಗಳಿಗೆ 7ರಿಂದ 10 ವರ್ಷ ಬಿಡಿಭಾಗ ಸಿಗಬೇಕೆಂಬ ನಿಯಮ 2021ರಿಂದಲೇ ಇದೆ. ಸಾಫ್ಟ್‌ವೇರ್ ಮೂಲಕ ರಿಪೇರಿಗೆ ಸಕಾರಣವಿಲ್ಲದೆ ಅಡ್ಡಿ ಮಾಡಬಾರದೆಂದು 2024ರ ನಿರ್ದೇಶನ ಹೇಳುತ್ತದೆ. ಸದಸ್ಯ ದೇಶಗಳಿಗೆ ಅದರ ಗಡುವು 2026ರ ಜುಲೈ 31.

ಅಲ್ಲಿಯ ಮಾತು ಅಲ್ಲಿಗಿರಲಿ, ಇಲ್ಲಿ ಈಗಲೇ ಮಾಡಬಹುದಾದದ್ದೂ ಇದೆ. ಅನೇಕ ಅಮೆರಿಕನ್ ವಾಷರ್, ಡ್ರೈಯರ್‌ಗಳ ಒಳಗೇ ಮಡಿಸಿಟ್ಟ ಒಂದು ಟೆಕ್ ಶೀಟ್ ಇರುತ್ತದೆ. ದೋಷದ ಕೋಡ್‌ಗಳ ಅರ್ಥ, ವೈರಿಂಗ್ ಚಿತ್ರ ಅದರಲ್ಲಿ ಸಿಗುತ್ತವೆ. ಡ್ರೈಯರ್ ಬಿಸಿಯಾಗದಿದ್ದರೆ ಅಥವಾ ತಿರುಗದಿದ್ದರೆ ಎಷ್ಟೋ ಸಲ ಕಾರಣ ಕೆಲವೇ ಡಾಲರಿನ ಥರ್ಮಲ್ ಫ್ಯೂಸ್. ಅದು ಸುಟ್ಟಿದ್ದರೆ ಗಾಳಿ ಹೋಗುವ ಕೊಳವೆಯಲ್ಲಿ ಬಟ್ಟೆಯ ಜುಂಗು ಕಟ್ಟಿದೆಯೇ ನೋಡಿ, ಇಲ್ಲದಿದ್ದರೆ ಹೊಸ ಫ್ಯೂಸೂ ಹೋಗುತ್ತದೆ. ಊರಿನಿಂದ ಹೊತ್ತು ತಂದ ಗ್ರೈಂಡರ್ ಗುಂಯ್ ಎಂದು ತಿರುಗದೆ ಕೂತರೆ ಮೊದಲು ಕೆಪಾಸಿಟರ್ ಮೇಲೆ ಅನುಮಾನ ಪಡಿ. ಯಾವುದನ್ನೇ ಬಿಚ್ಚುವ ಮೊದಲು ಪ್ಲಗ್ ತೆಗೆಯಿರಿ. ಮೈಕ್ರೋವೇವ್ ಮಾತ್ರ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.