ಮಾಳಿಗೆ ಹೊರುವ ಭಾರ ಎಷ್ಟು?

ಮುಂಗಾರಿಗೆ ಮೊದಲೇ ಹಳೆಯ ಮನೆಗಳ ಮಾಳಿಗೆ ರಿಪೇರಿ ಮುಗಿಯಬೇಕು. ದಾವಣಗೆರೆ, ಹರಿಹರದ ಕಡೆ ಸೋರುವ ಜಾಗಕ್ಕೆ ಚೌಳು ಮಣ್ಣು ಹಾಕಿ ತಟ್ಟುವುದು ಹಿಂದಿನಿಂದ ಬಂದ ರೂಢಿ. ಮಣ್ಣಿನ ಮೇಲೆಯೇ ಕಾಂಕ್ರೀಟ್ ಹಾಕಿಸಿಬಿಡುವವರೂ ಇದ್ದಾರೆ. ಮೇಲೆ ಏನು ಹಾಕಿಸಬೇಕೆಂಬ ಚರ್ಚೆ ಮನೆಮಂದಿಯೆಲ್ಲ ಸೇರಿ ನಡೆಯುತ್ತದೆ. ಅದನ್ನು ಹೊರಬೇಕಾದ ತೊಲೆಯ ಗತಿ ಏನೆಂದು ಕೇಳುವವರು ಕಡಿಮೆ.

ಗೋಡೆಯಿಂದ ಗೋಡೆಗೆ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಇದು ಮಾಳಿಗೆಯ ರಚನೆ. ಮಣ್ಣಿನ ಭಾರವನ್ನು ಹೈಸ್ಕೂಲು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ವಿಸ್ತೀರ್ಣ ಸುಮಾರು 11 ಚದರ ಮೀಟರ್. ಮಣ್ಣಿನ ದಪ್ಪ 15 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಂದು ಘನ ಮೀಟರ್ ಒಣ ಮಣ್ಣು ಸುಮಾರು 1,600 ಕಿ.ಗ್ರಾಂ. ತೂಗುತ್ತದೆ. ಗುಣಿಸಿದರೆ ಎರಡೂವರೆ ಟನ್ನಿಗೂ ಹೆಚ್ಚು! ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ. ಅದರ ಮೇಲೆ 7.5 ಸೆಂ.ಮೀ. ಕಾಂಕ್ರೀಟ್ ಬಿದ್ದರೆ ಮತ್ತೆ ಎರಡು ಟನ್. ಸಾವಿರ ಲೀಟರಿನ ನೀರಿನ ಟ್ಯಾಂಕ್ ಇಟ್ಟರೆ ಇನ್ನೊಂದು ಟನ್. ಎಲ್ಲವನ್ನೂ ಹೊರುವುದು ಅಜ್ಜನ ಕಾಲದ ಅದೇ ತೊಲೆ.

ತೊಲೆಯ ಬಲ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಇರುತ್ತದೆ. 8 ಅಂಗುಲ ಎತ್ತರದ ತೊಲೆಯನ್ನು ಗೆದ್ದಲು 2 ಅಂಗುಲ ತಿಂದರೆ ಉಳಿಯುವುದು 6 ಅಂಗುಲ. ಎಂಟರ ವರ್ಗ 64, ಆರರ ವರ್ಗ 36. ಕಾಲು ಭಾಗ ಮರ ಹೋದರೆ ಹೆಚ್ಚುಕಡಿಮೆ ಅರ್ಧ ಬಲವೇ ಹೋಯಿತು.

ಅಂತರದ ಮಾತೂ ಹೀಗೆಯೇ. ಆಧಾರಗಳ ನಡುವಿನ ಅಂತರ ಇಮ್ಮಡಿಯಾದರೆ, ಅದೇ ದಪ್ಪದ ಮಣ್ಣು ತೊಲೆಯನ್ನು ಬಗ್ಗಿಸುವ ಪ್ರಭಾವ ನಾಲ್ಕು ಪಟ್ಟಾಗುತ್ತದೆ. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ. ಅಲ್ಲಿನ ಮಂಟಪದಲ್ಲಿ ಸಾಲುಸಾಲು ಕಂಬಗಳನ್ನು ನೋಡಬಹುದು. ಕಲ್ಲು ಒತ್ತುವ ಭಾರವನ್ನು ತಾಳುತ್ತದೆ, ಬಗ್ಗಿಸಿದರೆ ಬಿರಿಯುತ್ತದೆ. ಆದ್ದರಿಂದ ಕಲ್ಲಿನ ಚಾವಣಿಗೆ ಹತ್ತಿರಹತ್ತಿರ ಕಂಬ ಬೇಕು. ದುರ್ಬಲ ತೊಲೆಯ ನಡುವೆ ಗಟ್ಟಿ ನೆಲದ ಮೇಲೆ ಕಂಬ ನಿಲ್ಲಿಸುವುದರ ಹಿಂದೆಯೂ ಇದೇ ತತ್ವವಿದೆ.

ರಿಪೇರಿಗೆ ಮೊದಲು ಏನು ನೋಡಬೇಕು? ತೊಲೆಯ ಎರಡು ತುದಿಗೂ ದಾರ ಬಿಗಿದರೆ ನಡುವೆ ಎಷ್ಟು ಬಾಗಿದೆಯೆಂದು ತಿಳಿಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಮರ ಖಣಖಣ ಎನ್ನುತ್ತದೆ. ಟೊಳ್ಳು ಮರ ಮಂಕಾಗಿ ಸದ್ದು ಮಾಡುತ್ತದೆ. ಸ್ಕ್ರೂಡ್ರೈವರ್ ಸಲೀಸಾಗಿ ಇಳಿದರೆ ಅಲ್ಲಿ ಮರ ಕೊಳೆತಿದೆ. ಮುಖ್ಯವಾಗಿ ಗೋಡೆಯೊಳಗೆ ಕೂತ ತುದಿಯನ್ನು ಬಿಡಿಸಿ ನೋಡಬೇಕು. ತೇವ ನಿಲ್ಲುವುದು ಅಲ್ಲೇ, ಕಣ್ಣಿಗೆ ಬೀಳದಿರುವುದೂ ಅದೇ.

ಹಳೆಯ ಆರ್.ಸಿ.ಸಿ. ಚಾವಣಿಯಲ್ಲಿ ಕಬ್ಬಿಣ ತುಕ್ಕು ಹಿಡಿದರೆ ಉಬ್ಬಿ ಕೆಳಗಿನ ಕಾಂಕ್ರೀಟನ್ನು ತಳ್ಳುತ್ತದೆ. ಸರಳಿನ ಗುಂಟ ಬಿರುಕು, ಕಂದು ಕಲೆ, ಉದುರುವ ಚಕ್ಕೆ ಅದರ ಗುರುತು. ಬರೀ ಗಾರೆ ಬಳಿದರೆ ರೋಗ ಒಳಗೇ ಉಳಿಯುತ್ತದೆ.

ಹಳೆಯ ಮಣ್ಣನ್ನು ತೆಗೆಯುವಾಗ ಮಾಳಿಗೆಯ ಮೇಲೆಯೇ ಒಂದು ಕಡೆ ಗುಡ್ಡೆ ಹಾಕಬಾರದು, ಆಗಾಗಲೇ ಕೆಳಗಿಳಿಸಬೇಕು. ಆ ಹೊತ್ತಿನಲ್ಲಿ ಕೆಳಗಿನ ಕೋಣೆಯಲ್ಲಿ ಮಕ್ಕಳು ಓದುತ್ತ ಕೂರಬಾರದು.

ಮನೆಯಲ್ಲಿ ಮಾಡುವ ಈ ಪರೀಕ್ಷೆಗಳು ಅನುಮಾನ ಹುಟ್ಟಿಸಲು ಸಾಕು, ತೀರ್ಮಾನಕ್ಕೆ ಸಾಲವು. 1951ರಿಂದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಇರುವ ಊರಿನಲ್ಲಿ ಸಿವಿಲ್ ಎಂಜಿನಿಯರರಿಗೆ ಬರವಿಲ್ಲ. ಮಣ್ಣಿನ ಗಾಡಿ ಬಾಗಿಲಿಗೆ ಬರುವ ಮೊದಲು ಅಂಥವರೊಬ್ಬರನ್ನು ಕರೆದು ತೊಲೆ ತೋರಿಸುವುದು ಲೇಸು.