ಕೆಳದಿ ಚೆನ್ನಮ್ಮ ಮತ್ತು ತಾರಾರಾಣಿ ಒಂದೇ ಕಾಮಿಕ್ಸಿನಲ್ಲಿ ಬಂದರೆ

ಮೊನ್ನೆ ಆಫೀಸಿನಲ್ಲಿ ಚಹಾ ಕುಡಿಯುತ್ತ ನಿಂತಾಗ ಹುಡುಗರ ನಡುವೆ ದೊಡ್ಡ ವಾದ. ವಂಡರ್ ವುಮನ್‌ಗೂ ಸ್ಟಾರ್ಮ್‌ಗೂ ಜಗಳ ಬಿದ್ದರೆ ಗೆಲ್ಲೋದು ಯಾರು? ಒಬ್ಬ ಮೊಬೈಲ್ ತೆಗೆದು ತೋರಿಸಿಯೇಬಿಟ್ಟ. 1996ರಲ್ಲಿ ಡಿಸಿ ಮತ್ತು ಮಾರ್ವೆಲ್ ಕಂಪನಿಗಳು ಸೇರಿ ಇದೇ ಪಂದ್ಯ ನಡೆಸಿದ್ದವಂತೆ, ಓದುಗರ ಮತದಲ್ಲಿ ಸ್ಟಾರ್ಮ್ ಗೆದ್ದಳಂತೆ. ವಾದ ಮುಗೀತು, ಎಲ್ಲರೂ ತಮ್ಮ ತಮ್ಮ ಸೀಟಿಗೆ ಹೋದರು. ನನಗೆ ಮಾತ್ರ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಯಾಕಂದ್ರೆ ಇದೇ ಜಗಳವನ್ನು ನಾನು ಏಳನೇ ವಯಸ್ಸಿನಲ್ಲೇ ಆಡಿ ಮುಗಿಸಿದ್ದೆ!

ನಮ್ಮೂರು ಚಿಕ್ಕೋಡಿ ಹತ್ತಿರ. ನಮ್ಮ ಅತ್ತೆಯನ್ನು ಕೊಟ್ಟಿದ್ದು ಕಾಗವಾಡಕ್ಕೆ. ಅತ್ತೆಯ ಮಗ ಕಲಿತದ್ದು ಮರಾಠಿ ಶಾಲೆಯಲ್ಲಿ, ನಾನು ಕನ್ನಡ ಶಾಲೆಯಲ್ಲಿ. ಒಂದು ಬೇಸಿಗೆ ರಜೆಯಲ್ಲಿ ಅತ್ತೆ ಇಬ್ಬರನ್ನೂ ಕರೆದುಕೊಂಡು ನಿಪ್ಪಾಣಿ ಮೇಲಿಂದ ಕೊಲ್ಲಾಪುರಕ್ಕೆ ಹೊರಟಿದ್ದಳು. ಊರು ಹೊಕ್ಕಾಗ ಕಾವಳಾ ನಾಕಾದಲ್ಲಿ ತಾರಾರಾಣಿಯ ಮೂರ್ತಿ ಕಂಡಿತು. ಕುದುರೆ ಮುಂಗಾಲು ಎತ್ತಿ ಹಿಂಗಾಲ ಮೇಲೆ ನಿಂತಿದೆ.

"ನೋಡಲೇ, ನಮ್ಮ ತಾರಾರಾಣಿ ಕುದುರಿ ಹೆಂಗ ನಿಂತೈತಿ. ನಿಮ್ಮ ಬೆಳಗಾವಿ ಚೆನ್ನಮ್ಮನ ಕುದುರಿ ಹಿಂಗ ನಿಲ್ಲತೈತೇನ?"

"ನಮ್ಮ ಚೆನ್ನಮ್ಮನ ಮಂದಿ ಥ್ಯಾಕರೆ ಸಾಹೇಬನ್ನ ಹೊಡದ್ಹಾಕ್ಯಾರ. ನಿಮ್ಮಾಕಿ ಯಾರನ್ನ ಹೊಡದಾಳ?"

ಅತ್ತೆ ಇಬ್ಬರಿಗೂ ಒಂದೊಂದು ಬಿಟ್ಟಳು. "ಆ ಇಬ್ರೂ ಕುದುರಿ ಇಳದ ಬಂದು ನಿಮ್ಮ ಕಿವಿ ಹಿಂಡಬೇಕ ನೋಡ್ರಿ, ಆವಾಗ ಸುಮ್ಮನಾಗ್ತೀರಿ" ಅಂದಳು. ನನ್ನ ಮಟ್ಟಿಗೆ ನಾನು ಕಂಡ ಮೊದಲ ಕ್ರಾಸ್‌ಓವರ್ ಅದು. :-)

ಕಾಮಿಕ್ಸ್ ಓದುವವರಿಗೆ ಗೊತ್ತಿರುತ್ತೆ, ಇಂಥ ಕಥೆಗಳಿಗೆ ಒಂದು ಸವೆದ ದಾರಿ ಇದೆ. ಬೇರೆ ಬೇರೆ ಪುಸ್ತಕದ ಇಬ್ಬರು ಎದುರಾಗ್ತಾರೆ. ಏನೋ ತಪ್ಪು ತಿಳಿದು ಮೊದಲು ಹೊಡೆದಾಡ್ತಾರೆ. ಆಮೇಲೆ ನಿಜವಾದ ವೈರಿ ಬೇರೆಯೇ ಇದ್ದಾನೆ ಅಂತ ಗೊತ್ತಾಗಿ ಜೊತೆಯಾಗ್ತಾರೆ. 1976ರಲ್ಲಿ ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್ ಮೊದಲ ಸಲ ಭೇಟಿಯಾದಾಗಲೂ ಆಗಿದ್ದು ಇದೇ. ಓದುಗರ ಆಸೆಯೂ ಇಷ್ಟೇ, ಹೊಡೆದಾಟ ಬೇಕು, ಆದರೆ ಯಾರೂ ಸೋಲಬಾರದು.

ನಾಯಕಿಯರ ವಿಷಯಕ್ಕೆ ಬಂದರೆ ಮಾತ್ರ ಈ ತಂಡಗಳಿಗೆ ಏನೋ ಆಗುತ್ತೆ. ವಂಡರ್ ವುಮನ್ ಹುಟ್ಟಿದ್ದು 1941ರಲ್ಲಿ. ದೇವತೆಗಳಿಂದ ಬಲ ಪಡೆದವಳು, ಕೈಗೆ ಗುಂಡು ಬಡಿದರೂ ಬಳೆಯಿಂದ ತಟ್ಟಿ ಹಾಕುವವಳು. 1942ರಲ್ಲಿ ಅವಳನ್ನು ಜಸ್ಟಿಸ್ ಸೊಸೈಟಿ ಎಂಬ ವೀರರ ತಂಡಕ್ಕೆ ಸೇರಿಸಿಕೊಂಡರು. ಕೊಟ್ಟ ಹುದ್ದೆ? ಸೆಕ್ರೆಟರಿ! ಗಂಡಸರು ಯುದ್ಧಕ್ಕೆ ಹೊರಟರೆ ಇವಳು ಹಿಂದೆ ಉಳಿದು ಮೀಟಿಂಗಿನ ಮಿನಿಟ್ಸ್ ಬರೆಯಬೇಕು. ಇದನ್ನು ಓದಿ ನಗು ಬಂತು, ಆಮೇಲೆ ನಮ್ಮ ಟೀಮಿನಲ್ಲಿ ಮಿನಿಟ್ಸ್ ಬರೆಯೋದು ಯಾವಾಗಲೂ ಯಾರು ಅಂತ ನೆನಪಾಗಿ ನಗು ನಿಂತಿತು. 2019ರ ಅವೆಂಜರ್ಸ್ ಎಂಡ್‌ಗೇಮ್‌ನಲ್ಲಿ ಎಲ್ಲ ನಾಯಕಿಯರೂ ಒಂದೇ ಸಾಲಿನಲ್ಲಿ ನಿಂತರಲ್ಲ, ಥೇಟರಿನಲ್ಲಿ ನಾನೂ ಸಿಳ್ಳೆ ಹಾಕಿದವನೇ. ಆದರೆ ಅದು ಕಥೆ ಅಲ್ಲ, ಫೋಟೋ. ಒಬ್ಬರಿಗೊಬ್ಬರು ಒಂದು ಮಾತೂ ಆಡೋದಿಲ್ಲ.

ಹಾಗಾದರೆ ನಮ್ಮ ಕಡೆ ಇಂಥದ್ದು ಮಾಡೋಕಾಗಲ್ವ? ಮಲಯಾಳಂನವರು 2025ರಲ್ಲಿ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಕಥೆ ಹಿಡಿದು 'ಲೋಕಾ' ಮಾಡಿದ್ದನ್ನು ನೋಡಿದ ಮೇಲೆ ನಂಗೆ ಸಂಶಯ ಉಳಿದಿಲ್ಲ. ಅದೂ ಅಲ್ಲದೆ ನಮ್ಮಲ್ಲಿ ಕಥೆ ಹೊಸದಾಗಿ ಹೆಣೆಯಬೇಕಾಗಿಯೂ ಇಲ್ಲ, ಇತಿಹಾಸವೇ ಅರ್ಧ ಬರೆದಿಟ್ಟಿದೆ.

1689. ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ್ದಾನೆ. ತಮ್ಮ ರಾಜಾರಾಮ ಪನ್ಹಾಳದಿಂದ ವೇಷ ಮರೆಸಿಕೊಂಡು ದಕ್ಷಿಣಕ್ಕೆ ಜಿಂಜಿಯ ಕಡೆ ಹೊರಟಿದ್ದಾನೆ, ಹಿಂದೆ ಮೊಗಲರ ಸೈನ್ಯ. ದಾರಿಯಲ್ಲಿ ಅವನಿಗೆ ಆಸರೆ ಕೊಟ್ಟವಳು ಮಲೆನಾಡನ್ನು ಆಳುತ್ತಿದ್ದ ಕೆಳದಿ ಚೆನ್ನಮ್ಮ. ಹಿಡಿದು ಕೊಡು ಅಂತ ಬಾದಶಹನಿಂದ ಹೇಳಿಕೆ ಬಂದರೂ ಕೊಡಲಿಲ್ಲ, ಸೈನ್ಯ ಬಂದಾಗ ಎದುರು ನಿಂತು ಕಾದಾಡಿದಳು. ಆ ರಾಜಾರಾಮನ ಹೆಂಡತಿಯೇ ತಾರಾಬಾಯಿ, ಅಂದರೆ ಕಾವಳಾ ನಾಕಾದ ನಮ್ಮ ಕುದುರೆ ಸವಾರಳು! ಆಗ ಅವಳಿಗೆ ಹದಿನಾಲ್ಕರ ಆಸುಪಾಸು. 1700ರಲ್ಲಿ ಗಂಡ ತೀರಿಕೊಂಡ ಮೇಲೆ, ಔರಂಗಜೇಬ 1707ರಲ್ಲಿ ಸಾಯೋವರೆಗೂ ಯುದ್ಧ ನಡೆಸಿದವಳು ಇವಳೇ. ಕೊಲ್ಲಾಪುರದ ಗಾದಿಯ ಮೂಲವೂ ಇವಳೇ. ನಮ್ಮ ರಾಯಬಾಗ 1949ರ ತನಕ ಅದೇ ಸಂಸ್ಥಾನದಲ್ಲಿತ್ತು.

ತಾರಾಬಾಯಿ ಆ ಪಯಣದಲ್ಲಿ ಗಂಡನ ಜೊತೆಗಿರಲಿಲ್ಲ, ಅವಳು ಜಿಂಜಿಗೆ ಹೋದದ್ದು ವರ್ಷಗಳ ಮೇಲೆ. ಕಾಮಿಕ್ಸಿಗೆ ಜಾಗ ಇರೋದು ಅಲ್ಲೇ. ಅವಳನ್ನೂ ಕೆಳದಿಗೆ ಕರೆಸೋಣ. ಜಿಟಿಜಿಟಿ ಮಳೆ, ಬಾಗಿಲಲ್ಲಿ ಮರಾಠಿ ಮಾತಾಡುವ ಪೋರಿ. ಒಳಗೆ ಗಂಡನಿಲ್ಲದೆ ಹದಿನೇಳು ವರ್ಷದಿಂದ ರಾಜ್ಯ ನಡೆಸುತ್ತಿರುವ ರಾಣಿ. ತಾನು ಮುಂದೆ ಏನಾಗಬೇಕಾಗುತ್ತೆ ಅನ್ನೋದನ್ನು ಆ ಹುಡುಗಿ ಎದುರಿಗೇ ನೋಡುತ್ತಿದ್ದಾಳೆ, ಆದರೆ ಅವಳಿಗೆ ಅದು ಗೊತ್ತಿಲ್ಲ. ಇದರ ಮುಂದೆ ಯಾರು ಗೆಲ್ತಾರೆ ಅನ್ನೋ ಪಂದ್ಯಕ್ಕೆ ಏನು ರುಚಿ?

ನನ್ನದು ಒಂದೇ ಷರತ್ತು. ಒಬ್ಬಳು ಕನ್ನಡ ಆಡಲಿ, ಇನ್ನೊಬ್ಬಳು ಮರಾಠಿ ಆಡಲಿ, ಕೆಳಗೆ ಅನುವಾದ ಬೇಡ. ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ, ಅಥಣಿ ಸಂತೆಯಲ್ಲಿ ನಮ್ಮ ಮಂದಿ ದಿನಾ ಹಾಗೇ ಮಾತಾಡ್ತಾರೆ, ಯಾರಿಗೂ ತಿಳಿಯದೆ ಹೋಗಿಲ್ಲ.

"ಬೆಳವಡಿ ಮಲ್ಲಮ್ಮನನ್ನು ಯಾಕೆ ಬಿಟ್ಟೆ?" ಅಂತ ಕೇಳುವವರು ಇದ್ದೀರಿ, ಗೊತ್ತು. ಶಿವಾಜಿಯ ಸೈನ್ಯವನ್ನೇ ವಾರಗಟ್ಟಲೆ ತಡೆದವಳು, ಆಮೇಲೆ ಅವನಿಂದಲೇ ಗೌರವ ಪಡೆದವಳು ಅಂತ ನಮ್ಮ ಕಡೆ ಹೇಳ್ತಾರೆ. ಮೊದಲು ಹೊಡೆದಾಟ, ಆಮೇಲೆ ಸ್ನೇಹ, ಅಚ್ಚು ಕ್ರಾಸ್‌ಓವರ್ ಸೂತ್ರ. ಮರಾಠಿ ಕಡೆಯ ಬರಹಗಳಲ್ಲಿ ಅವಳ ಹೆಸರು ಸಾವಿತ್ರಿಬಾಯಿ, ಸೂಪರ್‌ಹೀರೋಗಳಿಗೆ ಇರುವ ಹಾಗೆ ಎರಡು ಹೆಸರು ಬೇರೆ! ಆದರೆ ಆ ಕಥೆ ಎತ್ತಿದರೆ ನಮ್ಮಲ್ಲಿ ತಕ್ಷಣ ಎರಡು ಪಾರ್ಟಿ ಆಗ್ತವೆ. ಮೊದಲ ಸಂಚಿಕೆಗೆ ಬೇಡ ಅಂತ ನನ್ನ ಅಭಿಪ್ರಾಯ. ಹೇಡಿತನ ಅನ್ನಿ ಬೇಕಾದರೆ.

2025ರ ಫೆಬ್ರುವರಿಯಲ್ಲಿ ಗಲಾಟೆಯಾಗಿ ಎರಡೂ ರಾಜ್ಯಗಳ ಬಸ್ಸು ನಿಂತಾಗ ಅತ್ತೆ ನಮ್ಮ ಮನೆಯಲ್ಲೇ ಇದ್ದಳು, ಕೊಲ್ಲಾಪುರಕ್ಕೆ ಹೋಗಬೇಕಿತ್ತು, ಆಗಲಿಲ್ಲ. ಆ ವಾರ ಅತ್ತೆಯ ಮಗ ವಾಟ್ಸಾಪಿನಲ್ಲಿ ಒಂದು ಸಿಟ್ಟಿನ ಫಾರ್ವರ್ಡ್ ಕಳಿಸಿದ, ನಾನೂ ಸುಮ್ಮನಿರದೆ ಅದರಪ್ಪನಂಥದ್ದು ಒಂದು ಕಳಿಸಿದೆ. ಆಮೇಲೆ ಮಾತು ನಿಂತೇ ಹೋಯಿತು. ಮೊನ್ನೆ ಆಫೀಸಿನ ವಾದ ಮುಗಿದ ಮೇಲೆ ಅವನಿಗೆ ಈ ಕೆಳದಿ ಕಥೆ ಬರೆದು ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು: "ಕುದುರಿ ಮಾತ್ರ ನಮ್ಮಾಕೀದ ಛಲೋ ಐತಿ."

ಮರಾಠಿ ಡೈಲಾಗ್ ಅವನೇ ಬರೆದುಕೊಡ್ತಾನಂತೆ. ನನಗೆ ಚಿತ್ರ ಬಿಡಿಸೋಕೆ ಬರಲ್ಲ, ಮನುಷ್ಯರನ್ನು ಬರೆದರೆ ಆಲೂಗಡ್ಡೆ ಆಗ್ತವೆ. ನಿಮ್ಮಲ್ಲಿ ಯಾರಿಗಾದರೂ ಕುದುರೆ ಬರೆಯೋಕೆ ಬರುತ್ತಾ? ಎರಡು ಬೇಕು.